ಪವರ್ ಕೇಳುತ್ತೀರಿ, ಟೈರ್ ಯಾಕೆ ಕೇಳುವುದಿಲ್ಲ?

ಡೆಟ್ರಾಯಿಟ್ ಹತ್ತಿರ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಳ್ಳುವ ಮೊದಲು ಚೆಕ್ ಮಾಡಿಕೊಡುವುದು ನನ್ನ ಕೆಲಸ. ಮಸ್ಟ್ಯಾಂಗ್, ಕ್ಯಾಮಾರೊ, ಚಾಲೆಂಜರ್ ಅನ್ನುವ ಅಮೆರಿಕದ ಜೋರು ಇಂಜಿನ್ ಕಾರುಗಳ ಹುಚ್ಚು ಹಿಡಿದ ನಮ್ಮ ಕನ್ನಡದ ಹುಡುಗರೂ ಬರುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಅಣ್ಣಾ, ಯಾವುದಕ್ಕೆ ಪವರ್ ಜಾಸ್ತಿ?"

2018ರ ಗಾಡಿಗಳಾದರೆ ಮಸ್ಟ್ಯಾಂಗ್ ಜಿಟಿ 460, ಕ್ಯಾಮಾರೊ ಎಸ್‌ಎಸ್ 455, ಚಾಲೆಂಜರ್ ಸ್ಕ್ಯಾಟ್ ಪ್ಯಾಕ್ 485 ಹಾರ್ಸ್‌ಪವರ್. ಸರಿ. ಆದರೆ ಅದೆಲ್ಲ ರಸ್ತೆಗೆ ಇಳಿಯುವುದು ಹಿಂದಿನ ಎರಡು ಟೈರ್‌ಗಳಿಂದ ಮಾತ್ರ, ಅಲ್ವಾ? ಒಂದೊಂದು ಟೈರ್ ನೆಲಕ್ಕೆ ತಾಗುವುದು ಹೆಚ್ಚುಕಡಿಮೆ ಬೆರಳು ಬಿಡಿಸಿದ ನಿಮ್ಮ ಕೈಯಷ್ಟು ಜಾಗದಲ್ಲಿ. ಕ್ಯಾಮಾರೊ ಎಸ್‌ಎಸ್‌ಗೆ ಹಿಂದೆ 275 ಮಿಲಿಮೀಟರ್ ಅಗಲದ ಟೈರ್. ಮಾಮೂಲಿ ಸ್ಕ್ಯಾಟ್ ಪ್ಯಾಕ್‌ಗೆ 245. ಸಾಲದ್ದಕ್ಕೆ ಎಸ್‌ಎಸ್‌ಗಿಂತ ಸುಮಾರು ಎರಡು ಕ್ವಿಂಟಾಲ್ ಜಾಸ್ತಿ ತೂಕ. ಆ 30 ಹಾರ್ಸ್‌ಪವರ್ ನಂಬಿಕೊಂಡು ಏನು ಮಾಡುತ್ತೀರಿ?

"ಟ್ರ್ಯಾಕ್ಷನ್ ಕಂಟ್ರೋಲ್ ಇದೆಯಲ್ಲಣ್ಣಾ" ಅನ್ನುತ್ತಾರೆ. ಎಷ್ಟು ಸಲ ಹೇಳಲಿ, ಅದು ಹಿಡಿತ ಕೊಡುವುದಿಲ್ಲ. ಚಕ್ರ ಜಾರುತ್ತಿದೆ ಅಂತ ಗೊತ್ತಾದ ಮೇಲೆ ಪವರ್ ಕಡಿಮೆ ಮಾಡುತ್ತದೆ, ಬ್ರೇಕ್ ಒತ್ತುತ್ತದೆ, ಅಷ್ಟೇ. ಹಿಡಿತ ಬರುವುದು ರಬ್ಬರ್‌ನಿಂದ. ಬೇಸಿಗೆಗೆಂದೇ ಮಾಡಿದ ಸಮ್ಮರ್ ಟೈರ್ ಆದರೆ 7 ಡಿಗ್ರಿಗಿಂತ ಚಳಿ ಇದ್ದಾಗ ಆ ರಬ್ಬರ್ ಗಟ್ಟಿಯಾಗುತ್ತದೆ. ಇಲ್ಲಿ ನವೆಂಬರ್ ಬೆಳಿಗ್ಗೆ ಅಂದರೆ ದಿನವೂ ಅದೇ ಕಥೆ.

ಈ ಗಾಡಿಗಳ ಮೇಲೆ ನನಗೂ ಪ್ರೀತಿ ಇದೆ. ಚಾಲೆಂಜರ್ ತಯಾರಿಕೆ 2023ರ ಕೊನೆಗೆ ನಿಂತಿತು, ಹೆಚ್ಚುಕಡಿಮೆ ಅದೇ ಹೊತ್ತಿಗೆ ಕ್ಯಾಮಾರೊ ಕೂಡ. ಮಸ್ಟ್ಯಾಂಗ್ ಒಂದೇ ಉಳಿದಿದೆ. ಆದರೂ ಚಳಿಯಲ್ಲಿ ನಿಂತ ವಿ8, ಅಂದರೆ ಎಂಟು ಸಿಲಿಂಡರ್ ಇಂಜಿನ್, ಸ್ಟಾರ್ಟ್ ಆದಾಗ ಎದೆಯೊಳಗೆ ಗುಡುಗಿದ ಹಾಗಾಗುತ್ತದೆ. ಸಂಬಳದವನ ಕೈಗೂ ಎಟುಕುವ ಬೆಲೆಗೆ ಆ ಗುಡುಗು ಸಿಗುತ್ತಿತ್ತು. ಜನ ಸುಮ್ನೆ ಹುಡುಕಿಕೊಂಡು ಬರುವುದಿಲ್ಲ. ಮೂರರಲ್ಲಿ ಯಾವುದು ಒಳ್ಳೆಯದು ಅಂತ ಮಾತ್ರ ಗಾಡಿ ನೋಡದೆ ನಾನು ಹೇಳುವುದಿಲ್ಲ. ಹಿಂದಿನ ಮಾಲೀಕ ಹೇಗೆ ಓಡಿಸಿದ್ದಾನೋ ಅದರ ಮೇಲಿದೆ.

ಹೋದ ನವೆಂಬರ್‌ನಲ್ಲಿ ಒಬ್ಬ ಹುಡುಗ ಮಸ್ಟ್ಯಾಂಗ್ ಜಿಟಿ ತೋರಿಸಿದ. ಫಳಫಳ ಹೊಳೆಯುತ್ತಿತ್ತು. ಟೈರ್ ಸವೆದೇ ಇರಲಿಲ್ಲ. ಟಾರ್ಚ್ ಹಿಡಿದು ಟೈರಿನ ಬದಿಯಲ್ಲಿ ಅಚ್ಚಾದ ನಂಬರ್ ಓದಿಸಿದೆ: 4717. ಅಂದರೆ 2017ರ 47ನೇ ವಾರ ತಯಾರಾದದ್ದು. ಹೆಬ್ಬೆರಳ ಉಗುರು ಒತ್ತಿದರೆ ಇಳಿಯಲೇ ಇಲ್ಲ, ರಬ್ಬರ್ ಅಷ್ಟು ಗಟ್ಟಿ. ಗೆರೆಗಳ ನಡುವೆ ಕೂದಲೆಳೆಯಂಥ ಬಿರುಕು. "ಈ ಚಳಿಗಾಲ ಓಡಿಸಿ ಆಮೇಲೆ ಬದಲಾಯಿಸಲಾ?" ಅಂದ. ಬೇಡ ಮಾರಾಯ ಅಂದೆ. ಮಾರುವವನ ಜೊತೆ ಮಾತಾಡಿ ನಾಲ್ಕು ಟೈರಿನ ದುಡ್ಡು ಬೆಲೆಯಲ್ಲಿ ಕಡಿಮೆ ಮಾಡಿಸಿದೆ. ಗಾಡಿಯನ್ನು ಟ್ರಕ್ ಮೇಲೆ ಹೇರಿಸಿ ಸೀದಾ ಟೈರ್ ಅಂಗಡಿಗೆ ಕಳಿಸಿದೆ.