ದಪ್ಪ ದುಂಡಕ್ಷರ ಬೋರ್ಡಿಗೆ ಬಂದ ದಾರಿ

ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲೇ ಇರಬೇಕು ಎಂಬ ತಿದ್ದುಪಡಿ ರಾಜ್ಯದ ಕನ್ನಡ ಭಾಷಾ ಕಾನೂನಿಗೆ 2024ರಲ್ಲಿ ಬಂತು. ಕನ್ನಡಕ್ಕೆ ಜಾಗ ಸಿಕ್ಕಿತು. ಓದೋದು ಸುಲಭವಾಯಿತಾ? ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಂದು ಸುತ್ತು ಹಾಕಿ ನೋಡಿ. ಎಷ್ಟೋ ಅಂಗಡಿಗಳ ಮೇಲೆ ದಪ್ಪನೆಯ, ತುದಿ ದುಂಡಗಿರುವ ಅಕ್ಷರ. ಕೆಲವನ್ನು ರಸ್ತೆಯ ಆಚೆ ಬದಿಯಿಂದಲೇ ಓದಬಹುದು. ಇನ್ನು ಕೆಲವು ಹತ್ತಿರ ಹೋದರೂ ಬಣ್ಣದ ಮುದ್ದೆ. ಎರಡೂ ನೋಡಲು ಒಂದೇ ಜಾತಿ. ಗೊಂದಲ ಇರೋದೇ ಇಲ್ಲಿ.

ನಿಜಾಮರ ಕಾಲದಲ್ಲಿ ಇಲ್ಲಿ ಆಡಳಿತದ ಭಾಷೆ ಉರ್ದು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು. ಮುಂದಿನ ಕೆಲವು ದಶಕ ಬೋರ್ಡು ಎಂದರೆ ಪೇಂಟರ್ ಕೈಬರಹ. ದಪ್ಪ ಅಕ್ಷರ ಅವರೂ ಬರೆಯುತ್ತಿದ್ದರು. ಆದರೆ ಒತ್ತಕ್ಷರ ಎಲ್ಲಿ ಬರುತ್ತದೆ ಎಂದು ಮೊದಲೇ ನೋಡಿ, ಅದಕ್ಕೆ ಕೆಳಗೆ ಜಾಗ ಬಿಟ್ಟು ಗೆರೆ ಹೊಡೆದುಕೊಳ್ಳುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ಆ ಲೆಕ್ಕ ತಪ್ಪಿತು. 1998ರಲ್ಲಿ ಕನ್ನಡ ಟೈಪ್ ಮಾಡುವ ‘ಬರಹ’ ಸಾಫ್ಟ್‌ವೇರ್ ಬಂತು, ಆಮೇಲೆ ಅಂಥದ್ದೇ ‘ನುಡಿ’. ಇವು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಅವುಗಳ ಜೊತೆ ಬಂದ ಫಾಂಟ್‌ಗಳಲ್ಲಿ ಹೆಚ್ಚಿನವು ಪತ್ರ, ಪುಸ್ತಕ ಬರೆಯಲು ಆಗುವಂಥವು. ದೂರದಿಂದ ಓದಿಸುವ ದಪ್ಪ ಅಕ್ಷರ ಬೇಕೆಂದರೆ ಆಯ್ಕೆ ಕಡಿಮೆ. ಆಗ ಫ್ಲೆಕ್ಸ್ ಅಂಗಡಿಗಳಲ್ಲಿ ಒಂದು ಉಪಾಯ ಶುರುವಾಯಿತು. ಕೋರಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಸಾದಾ ಅಕ್ಷರ ಟೈಪ್ ಮಾಡೋದು, ಅದರ ಸುತ್ತ ಅದೇ ಬಣ್ಣದ ಔಟ್‌ಲೈನ್ ಕೊಡೋದು, ಮೂಲೆ ದುಂಡು ಮಾಡೋದು. ಆಯಿತು, ದಪ್ಪ ದುಂಡಕ್ಷರ ರೆಡಿ.

ಔಟ್‌ಲೈನ್ ಹೊರಗೆ ಮಾತ್ರ ಬೆಳೆಯಲ್ಲ, ಒಳಗೂ ಬೆಳೆಯುತ್ತದೆ. ಕನ್ನಡ ಅಕ್ಷರದ ಗುರುತು ಇರೋದೇ ಒಳಗೆ. ‘ರ’ದ ಹೊಟ್ಟೆಯಲ್ಲಿ ಚುಕ್ಕಿ ಇಟ್ಟರೆ ‘ಠ’. ‘ದ’ಕ್ಕೆ ಕೆಳಗೊಂದು ಸೀಳು ಬಂದರೆ ‘ಧ’, ಅದರೊಳಗೆ ಚುಕ್ಕಿಯೂ ಬಂದರೆ ‘ಥ’. ಹೊಟ್ಟೆ ತುಂಬಿ, ಸೀಳು ಮುಚ್ಚಿಹೋದರೆ ಮೂರೂ ಒಂದೇ. ಆಸ್ಪತ್ರೆ ಬೋರ್ಡಿನಲ್ಲಿ ‘ಸ್ತ್ರೀರೋಗ ತಜ್ಞರು’ ಎಂದು ಇದೇ ರೀತಿ ಬರೆದದ್ದನ್ನು ನೋಡಿ. ‘ಸ್ತ್ರೀ’ಯಲ್ಲಿ ‘ಸ’ದ ಕೆಳಗೆ ತ-ಒತ್ತು, ಅದರ ಪಕ್ಕ ರ-ಒತ್ತು, ಬದಿಗೆ ದೀರ್ಘ. ಔಟ್‌ಲೈನ್ ಏರಿದ ಹಾಗೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮೇಲಿಂದ ಬೋರ್ಡಿನ ಅಳತೆಗೆ ಕೂಡಿಸಲು ಅಕ್ಷರವನ್ನು ಅಗಲಕ್ಕೆ ಎಳೆದರೆ ಮುಗಿದೇಹೋಯಿತು. ಊರಿಂದ ಬಂದ ಗರ್ಭಿಣಿಯ ಜೊತೆಗಿರೋರು ಆ ಬೋರ್ಡ್ ನೋಡಿಯೇ ದಾರಿ ಹುಡುಕಬೇಕು. ಇದು ಬರೀ ಅಂದಚಂದದ ಮಾತಲ್ಲ.

ದಪ್ಪ ಅಕ್ಷರವನ್ನು ದಪ್ಪವಾಗಿಯೇ ಬಿಡಿಸಬೇಕು. ಹೊಟ್ಟೆ ಅಗಲ ಮಾಡಬೇಕು, ಗೆರೆಗಳು ಕೂಡುವಲ್ಲಿ ತೆಳು ಮಾಡಬೇಕು, ಒತ್ತಕ್ಷರವನ್ನು ಬೇರೆಯದೇ ತೂಕದಲ್ಲಿ, ಅಂದರೆ ಬೇರೆ ದಪ್ಪದ ಗೆರೆಯಲ್ಲಿ, ಬರೆಯಬೇಕು. ಮುಂಬೈನ ಏಕ್ ಟೈಪ್ ಎಂಬ ಅಕ್ಷರ ವಿನ್ಯಾಸ ತಂಡ ‘ಬಾಲೂ’ ಫಾಂಟ್ ಸರಣಿಯಲ್ಲಿ ಮಾಡಿದ್ದು ಇದನ್ನೇ. ಅದರ ಕನ್ನಡ ರೂಪ ‘ಬಾಲೂ ತಮ್ಮ’ 2016ರ ಹೊತ್ತಿಗೆ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಕ್ಕಿತು. ಮೊದಲು ಒಂದೇ ದಪ್ಪ ಇತ್ತು. ‘ಬಾಲೂ ತಮ್ಮ 2’ರಲ್ಲಿ ಐದು ದಪ್ಪ ಬಂದವು. ತೆಲುಗಿಗೆ ‘ತಮ್ಮುಡು’, ಉರ್ದುವಿಗೆ ‘ಭಾಯಿಜಾನ್’. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಬೋರ್ಡಿನಲ್ಲಿ ಬರೆಸುವ ನಮ್ಮೂರಿಗೆ ಇದು ದೊಡ್ಡ ಅನುಕೂಲ. ಮೂರೂ ಒಂದೇ ತೂಕದಲ್ಲಿ ಕೂರುತ್ತವೆ. ದರ್ಗಾ ರಸ್ತೆಯ ಉರ್ದು ಓದುಗರಿಗೆ ನಸ್ತಾಲೀಖ್ ಬರಹದ ಇಳಿಜಾರು ಅದರಲ್ಲಿ ಸಿಗಲ್ಲ, ಆ ಕೊರತೆ ಇದೆ.

ಇಷ್ಟಾದರೂ ಬಾಲೂ ಅಕ್ಷರ ಎಲ್ಲ ಫ್ಲೆಕ್ಸ್ ಅಂಗಡಿಗೂ ಹೋಗಲಿಲ್ಲ. ಅದು ಯುನಿಕೋಡ್ ಫಾಂಟ್, ಅಂದರೆ ಮೊಬೈಲ್, ಇಂಟರ್ನೆಟ್‌ನಲ್ಲೆಲ್ಲ ಬಳಸುವ ಸಾಮಾನ್ಯ ಅಕ್ಷರ ಸಂಕೇತದ್ದು. ಹಳೆಯ ಕೋರಲ್‌ಡ್ರಾದಲ್ಲಿ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬೇರೆ, ಮೂಲಾಕ್ಷರ ಬೇರೆ ಆಗಿ ಚೆಲ್ಲಾಪಿಲ್ಲಿ. ಗಿರಾಕಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದನ್ನು ಕನ್ವರ್ಟರ್‌ಗೆ ಹಾಕಿ ನುಡಿಯ ಹಳೆಯ ಸಂಕೇತಕ್ಕೆ ತರಬೇಕು, ಮತ್ತೆ ಅದೇ ಔಟ್‌ಲೈನ್. ಹೊಸ ಸಾಫ್ಟ್‌ವೇರ್ ದುಬಾರಿ. ಬೋರ್ಡ್ ಸಂಜೆಯೊಳಗೆ ಬೇಕು. ಇದರಲ್ಲಿ ಯಾರನ್ನು ಅಂತ ದೂರೋದು?

ಇನ್ನೊಂದು ಕಡೆ, ಮೊಬೈಲ್‌ನಲ್ಲೇ ಡಿಸೈನ್ ಮಾಡೋರಿಗೆ ಬಾಲೂ ಫಾಂಟ್ ಸುಲಭವಾಗಿ ಸಿಕ್ಕಿತು, ಹಾಗಾಗಿ ಎಲ್ಲದಕ್ಕೂ ಅದೇ. ಐಸ್‌ಕ್ರೀಮ್ ಅಂಗಡಿ, ಮಕ್ಕಳ ಬಟ್ಟೆ, ಜಾತ್ರೆಯ ಬ್ಯಾನರ್‌ಗೆ ಅದು ಒಪ್ಪುತ್ತದೆ. ಶ್ರದ್ಧಾಂಜಲಿ ಬ್ಯಾನರ್‌ಗೆ ಒಪ್ಪಲ್ಲ. ನೀರಿನ ಬಿಲ್ಲಿನ ಸೂಚನೆಯಂಥ ಉದ್ದದ ಬರಹಕ್ಕಂತೂ ಬೇಡವೇ ಬೇಡ, ನಾಲ್ಕು ಸಾಲಿಗೆ ಕಣ್ಣು ಸೋಲುತ್ತದೆ. ದೊಡ್ಡ ಹೆಸರು ಅದರಲ್ಲಿ, ಉಳಿದ ವಿವರ ಸಾದಾ ಅಕ್ಷರದಲ್ಲಿ ಇದ್ದರೆ ಸಾಕಲ್ವಾ?

2016ರ ಮಾರ್ಚ್‌ನಲ್ಲೇ ರಾಜ್ಯದಲ್ಲಿ ಫ್ಲೆಕ್ಸ್ ನಿಷೇಧವಾಗಿದೆ, ಬ್ಯಾನರ್ ನಿಂತಿಲ್ಲ. ದೊಡ್ಡ ಅಂಗಡಿಗಳು ಮಾತ್ರ ಅಕ್ರಿಲಿಕ್ ಕಡೆ ಹೊರಳಿವೆ: ಕತ್ತರಿಸಿದ ಅಕ್ಷರ, ಒಳಗೆ ಎಲ್ಇಡಿ. ಇಲ್ಲಿ ದಪ್ಪ ಬೇಕೇ ಬೇಕು, ತೆಳು ಗೆರೆಯೊಳಗೆ ದೀಪ ಕೂರಲ್ಲ. ಆದರೆ ಬಿಡಿಯಾಗಿ ನಿಲ್ಲುವ ಒತ್ತಕ್ಷರಕ್ಕೂ, ‘ಠ’ದ ಚುಕ್ಕಿಗೂ ಬೇರೆ ತುಂಡು, ಬೇರೆ ವೈರ್ ಬೇಕು. ಖರ್ಚು ಉಳಿಸಲು ಮೊದಲು ಬಿಡೋದು ಅದನ್ನೇ. ಬೋರ್ಡ್ ಮಾಡಿಸೋರು ಬಾಕಿ ಹಣ ಕೊಡುವ ಮೊದಲು ಕತ್ತಲಾದ ಮೇಲೆ ಒಮ್ಮೆ ದೀಪ ಹಾಕಿಸಿ, ರಸ್ತೆ ದಾಟಿ ನಿಂತು, ಒತ್ತಕ್ಷರ ಸಮೇತ ಪೂರ್ತಿ ಓದಿ ನೋಡಿ.