ಹಸಿರು ಲೇಸರ್ ಒಳಗೆ ಹಸಿರು ಎಲ್ಲಿಂದ ಬಂತು?

ಜಾತ್ರೇಲೋ ಆನ್‌ಲೈನಲ್ಲೋ ಸಿಗೋ ಪೆನ್ನಿನ ಥರದ ಹಸಿರು ಲೇಸರ್ ಪಾಯಿಂಟರ್ ಇದೆಯಲ್ಲ, ಅದರೊಳಗೆ ಹಸಿರು ಬಲ್ಬ್ ಇರುತ್ತೆ ಅಂತಲೋ ಮುಂದುಗಡೆ ಹಸಿರು ಗಾಜು ಕೂರಿಸಿರ್ತಾರೆ ಅಂತಲೋ ತುಂಬ ಜನ ಅಂದ್ಕೊಂಡಿದ್ದಾರೆ, ಸೈನ್ಸ್ ಓದಿದವರೂ ಸೇರಿ. ಎರಡೂ ಅಲ್ಲ. ಹೆಚ್ಚಿನ ಹಸಿರು ಪಾಯಿಂಟರ್‌ಗಳಲ್ಲಿ ಬೆಳಕು ಮೊದಲು ಹುಟ್ಟೋದು 808 ನ್ಯಾನೋಮೀಟರ್ ತರಂಗಾಂತರದ ಒಂದು ಸೆಮಿಕಂಡಕ್ಟರ್ ಲೇಸರ್‌ನಲ್ಲಿ. ಅದು ಇನ್‌ಫ್ರಾರೆಡ್, ಕಣ್ಣಿಗೆ ಹೆಚ್ಚುಕಮ್ಮಿ ಕಾಣೋದೇ ಇಲ್ಲ. ಅದು ನಿಯೋಡಿಮಿಯಂ ಬೆರೆಸಿದ ಒಂದು ಹರಳಿಗೆ ಚೈತನ್ಯ ಕೊಟ್ಟು 1064 ನ್ಯಾನೋಮೀಟರಿನ ಇನ್ನೊಂದು ಲೇಸರ್ ಹೊರಡಿಸುತ್ತೆ, ಅದೂ ಕಾಣಲ್ಲ. ಕೊನೆಗೆ ಕೆಟಿಪಿ ಅನ್ನೋ ಸಣ್ಣ ಹರಳು, ಅದರಿಂದ ಆಚೆ ಬರೋದು 532, ಕಣ್ಣಿಗೆ ರಾಚೋ ಹಸಿರು. 1064ರ ಸರಿಯಾದ ಅರ್ಧ ನೋಡಿ, ತರಂಗಾಂತರ ಅರ್ಧ ಅಂದ್ರೆ ಶಕ್ತಿ ಎರಡರಷ್ಟು. ಕಾಣದ ಎರಡು ಫೋಟಾನ್, ಅಂದ್ರೆ ಬೆಳಕಿನ ಕಣ, ಸೇರಿ ಕಾಣೋ ಒಂದು ಫೋಟಾನ್ ಆಗಿದೆ, ಎರಡರ ಶಕ್ತಿಯೂ ಒಂದರೊಳಗೆ ಹೋಗಿದೆ.

ಬಣ್ಣದ ಗಾಜು ಇದನ್ನ ಮಾಡೋಕೆ ಸಾಧ್ಯವೇ ಇಲ್ಲ. ಗಾಜು ತನಗೆ ಬೇಡದ ಬಣ್ಣ ನುಂಗಿ ಉಳಿದದ್ದನ್ನ ಬಿಡುತ್ತೆ ಅಷ್ಟೆ, ಇಲ್ಲದ ಬಣ್ಣವನ್ನ ಹುಟ್ಟಿಸಲ್ಲ. ಬೆಳಕಿಗೆ ಬೆಳಕು ತಾಗೋದೂ ಇಲ್ಲ, ಎರಡು ಟಾರ್ಚ್ ಬೆಳಕನ್ನ ಅಡ್ಡಡ್ಡ ಹಾಯಿಸಿ, ಒಂದನ್ನೊಂದು ದಾಟಿ ಏನೂ ಆಗದ ಹಾಗೆ ಹೋಗ್ತವೆ. ಯಾಕಂದ್ರೆ ವಸ್ತುವಿನೊಳಗಿನ ಎಲೆಕ್ಟ್ರಾನ್ ಬೆಳಕಿನ ತಾಳಕ್ಕೆ, ಅಂದ್ರೆ ಅದರ ಕಂಪನದ ವೇಗಕ್ಕೆ, ತಕ್ಕಷ್ಟೇ ಅಲ್ಲಾಡುತ್ತೆ, ಆ ತಾಳದಲ್ಲೇ ಬೆಳಕನ್ನ ವಾಪಸ್ ಸೂಸುತ್ತೆ. ಬಿಸಿಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಸಾವಿರ ವೋಲ್ಟಿನ ಆಸುಪಾಸು. ಎಲೆಕ್ಟ್ರಾನನ್ನ ಪರಮಾಣು ಹಿಡಿದಿಟ್ಟುಕೊಂಡಿರೋ ಕ್ಷೇತ್ರ ಮೀಟರಿಗೆ 50,000 ಕೋಟಿ ವೋಲ್ಟಿನ ಮಟ್ಟದ್ದು. ಬಿಸಿಲು ಎಷ್ಟೇ ಸುಡಲಿ, ಎಲೆಕ್ಟ್ರಾನ್‌ಗೆ ಅದು ಲೆಕ್ಕಕ್ಕೇ ಇಲ್ಲ. ಆದ್ರೆ ಲೇಸರ್ ಬೆಳಕನ್ನ ಸಣ್ಣ ಜಾಗಕ್ಕೆ ಒತ್ತಿ ತುಂಬಿದಾಗ ಎಲೆಕ್ಟ್ರಾನ್ ಒಂಚೂರು ಜಾಸ್ತಿ ದೂರ ಹೋಗುತ್ತೆ. ಆ ಹರಳಿನ ರಚನೆ ಎರಡೂ ಕಡೆ ಒಂದೇ ಥರ ಇಲ್ಲದಿದ್ರೆ ಒಂದು ಕಡೆ ಸಲೀಸಾಗಿ ಹೋಗಿ ಇನ್ನೊಂದು ಕಡೆ ತಡೆದು ತಡೆದು ಹೋಗುತ್ತೆ, ಆ ವಾಲಿದ ಅಲ್ಲಾಟದಲ್ಲೇ ಮೂಲ ತಾಳದ ಜೊತೆ ಅದರ ಎರಡರಷ್ಟು ವೇಗದ ತಾಳವೂ ಸೇರಿಕೊಂಡಿರುತ್ತೆ. ಆ ದುಪ್ಪಟ್ಟು ತಾಳವೇ ಹೊಸ ಬಣ್ಣ. ನಾನ್‌ಲೀನಿಯರ್ ಆಪ್ಟಿಕ್ಸ್ ಅಂತ ಹೇಳೋದು ಇದಕ್ಕೇ.

ಇದನ್ನ ಮೊದಲ ಸಲ ಮಾಡಿ ತೋರಿಸಿದ್ದು 1961ರಲ್ಲಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರ್ಯಾಂಕನ್ ಮತ್ತು ಅವರ ಜೊತೆಗಾರರು. ಮೇಮನ್ ಮೊದಲ ಲೇಸರ್ ಹಚ್ಚಿ ಒಂದು ವರ್ಷ ಆಗಿತ್ತು ಅಷ್ಟೆ. ಅವರ ಹತ್ರ ಇದ್ದ ಸಾಮಾನು ಏನು ಗೊತ್ತಾ, ಮಾಣಿಕ್ಯದ ಲೇಸರ್ ಮತ್ತು ಒಂದು ಸ್ಫಟಿಕದ ತುಂಡು, ಅಂದ್ರೆ ರೂಬಿ ಮತ್ತು ಕ್ವಾರ್ಟ್ಜ್. 694.3 ನ್ಯಾನೋಮೀಟರಿನ ಕೆಂಪು ಬೆಳಕು ಸ್ಫಟಿಕದೊಳಗೆ ಹೋಯ್ತು, ಆಚೆ ಬಂದದ್ದರಲ್ಲಿ 347.2ರ ಅಲ್ಟ್ರಾವಯಲೆಟ್‌ನ ಒಂದು ಸಣ್ಣ ಚುಕ್ಕೆ ಫೋಟೋ ಪ್ಲೇಟಿನ ಮೇಲೆ ಬಿತ್ತು. ಎಷ್ಟು ಸಣ್ಣದು ಅಂದ್ರೆ, ಅವರ ಸಂಶೋಧನಾ ಲೇಖನ ಅಚ್ಚಿಗೆ ಹೋದಾಗ ಅದನ್ನ ಧೂಳಿನ ಕಲೆ ಅಂದ್ಕೊಂಡು ಅಳಿಸಿಬಿಟ್ಟರು! ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತಿದೆ, ಬಾಣದ ಮುಂದೆ ಏನೂ ಇಲ್ಲ. ಒಂದು ಇಡೀ ಶಾಸ್ತ್ರ ಶುರುವಾದದ್ದು ಆ ಖಾಲಿ ಜಾಗದಿಂದ.

ಮಾಣಿಕ್ಯ ಹಾಕಿದ್ರೆ ರವಿ ಬಲ ಬರುತ್ತೆ, ಸ್ಫಟಿಕದ ಮಾಲೆ ಎನರ್ಜಿ ಹೀರಿಕೊಂಡು ನಮಗೆ ಕೊಡುತ್ತೆ ಅಂತ ಸಾವಿರಗಟ್ಟಲೆ ದುಡ್ಡು ಕೊಟ್ಟು ತಗೊಳ್ಳೋರನ್ನ ನೋಡಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತೆ. ಮಾಲೆ ಹಾಕ್ಕೊಳ್ಳಿ, ಚೆನ್ನಾಗಿರುತ್ತೆ, ಬೇಡ ಅನ್ನಲ್ಲ. ಆದ್ರೆ ಸ್ಫಟಿಕ ತನ್ನ ಕಡೆಯಿಂದ ಒಂದೇ ಒಂದು ಫೋಟಾನಿನಷ್ಟು ಶಕ್ತಿಯನ್ನೂ ಕೊಡಲ್ಲ, ಒಂದು ಅಲ್ಟ್ರಾವಯಲೆಟ್ ಫೋಟಾನ್ ಬಂತು ಅಂದ್ರೆ ಎರಡು ಕೆಂಪು ಫೋಟಾನ್ ಖರ್ಚಾಗಿವೆ, ಲೆಕ್ಕ ಚುಕ್ತಾ. ಸ್ಫಟಿಕದ ನಿಜವಾದ ಹೆಚ್ಚುಗಾರಿಕೆ ಅದರ ಪರಮಾಣುಗಳ ಜೋಡಣೆಗೆ ಸಮ್ಮಿತಿಯ ಕೇಂದ್ರ ಇಲ್ಲದಿರೋದು. ಗಾಜಿನ ಮಣಿಗೆ ಆ ಗುಣ ಇಲ್ಲ, ಸಿಲಿಕಾನ್‌ಗೂ ಇಲ್ಲ. ಆ ಎರಡರಲ್ಲಿ ಎಲೆಕ್ಟ್ರಾನ್ ಎಡಕ್ಕೆ ಎಷ್ಟು ಹೋಗುತ್ತೋ ಬಲಕ್ಕೂ ಅಷ್ಟೇ, ದುಪ್ಪಟ್ಟು ತಾಳ ಹುಟ್ಟೋದೇ ಇಲ್ಲ.

ಈಗ ಅಸಲಿ ತೊಂದರೆಗೆ ಬರ್ತೀನಿ, ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾದ ಭಾಗ ಇದು. ಫ್ರ್ಯಾಂಕನ್ ಅವರ ಚುಕ್ಕೆ ಅಷ್ಟು ಮಂಕಾಗಿದ್ದದ್ದು ಯಾಕೆ? ಹರಳು ಉದ್ದ ಮಾಡಿದ್ರೆ ಜಾಸ್ತಿ ಬೆಳಕು ಬರಬೇಕಲ್ಲ ಅನ್ಸುತ್ತೆ. ಬರಲ್ಲ. ಹರಳಿನೊಳಗೆ ಒಂದೊಂದು ಬಣ್ಣದ್ದು ಒಂದೊಂದು ವೇಗ. ಲೀಥಿಯಂ ನಯೋಬೇಟ್ ಅನ್ನೋ ಹರಳನ್ನ ತಗೊಳ್ಳಿ, ಅದರ ವಕ್ರೀಭವನಾಂಕ, ಅಂದ್ರೆ ಒಳಗೆ ಬೆಳಕು ಎಷ್ಟು ಪಟ್ಟು ನಿಧಾನ ಆಗುತ್ತೆ ಅನ್ನೋ ಅಳತೆ, 1064ಕ್ಕೆ ಸುಮಾರು 2.16, 532ಕ್ಕೆ 2.23. ಹಸಿರು ಸ್ವಲ್ಪ ನಿಧಾನ. ಇನ್‌ಫ್ರಾರೆಡ್ ಮುಂದೆ ಹೋಗ್ತಾ ಹೋಗ್ತಾ ಎಲ್ಲಾ ಕಡೆ ಹೊಸ ಹಸಿರು ಹುಟ್ಟಿಸುತ್ತೆ, ಆದ್ರೆ ಹಿಂದೆ ಹುಟ್ಟಿದ ಹಸಿರಿಗೂ ಈಗ ಹುಟ್ಟೋ ಹಸಿರಿಗೂ ತಾಳ ತಪ್ಪುತ್ತಾ ಹೋಗುತ್ತೆ, ಸುಮಾರು 3.4 ಮೈಕ್ರಾನ್ (ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು) ದಾಟಿದ ಮೇಲೆ ಹೊಸದು ಹಳೇದಕ್ಕೆ ಪೂರ್ತಿ ಉಲ್ಟಾ ಆಗಿ ಅದನ್ನ ಅಳಿಸೋಕೆ ಶುರು ಮಾಡುತ್ತೆ. ಮುಂದಿನ 3.4 ಮೈಕ್ರಾನ್ ಮುಗಿಯೋ ಹೊತ್ತಿಗೆ ಹಸಿರು ಸೊನ್ನೆ. ಹರಳು ಒಂದು ಸೆಂಟಿಮೀಟರ್ ಇರಲಿ ಒಂದು ಮೀಟರ್ ಇರಲಿ, ಇದೇ ಏರಿಳಿತ.

ಪಂಚಮಿ ಹಬ್ಬಕ್ಕೆ ಮರಕ್ಕೆ ಕಟ್ಟೋ ಜೋಕಾಲಿ ನೆನಪು ಮಾಡ್ಕೊಳ್ಳಿ. ಜೋಕಾಲಿ ಹಸಿರು ಬೆಳಕು, ಹಿಂದೆ ನಿಂತು ತಳ್ಳೋನು ಇನ್‌ಫ್ರಾರೆಡ್. ತಳ್ಳೋನ ತಾಳ ಜೋಕಾಲಿಯ ತಾಳಕ್ಕಿಂತ ಚೂರೇ ಚೂರು ಬೇರೆ ಅಂತಿಟ್ಕೊಳ್ಳಿ. ಮೊದಲ ಕೆಲವು ಸಲ ಚೆನ್ನಾಗೇ ನೂಕ್ತಾನೆ, ಜೋಕಾಲಿ ಮೇಲಕ್ಕೇರುತ್ತೆ, ಬರ್ತಾ ಬರ್ತಾ ಅವನ ನೂಕು ಜೋಕಾಲಿ ಹಿಂದಕ್ಕೆ ಬರೋ ಹೊತ್ತಿಗೆ ಬಿದ್ದು ಎದುರು ಒತ್ತೋಕೆ ಶುರುವಾಗುತ್ತೆ, ಕೊನೆಗೆ ಅವನೇ ಅದನ್ನ ನಿಲ್ಲಿಸಿಬಿಡ್ತಾನೆ. ಇದಕ್ಕೆ ಎರಡು ದಾರಿ. ಒಂದು, ಹೆಂಗಾದ್ರೂ ಮಾಡಿ ಇಬ್ಬರ ತಾಳವನ್ನ ಒಂದು ಮಾಡೋದು. ಕೆಲವು ಹರಳುಗಳಲ್ಲಿ ಬೆಳಕಿನ ಕಂಪನದ ದಿಕ್ಕು ಬದಲಾಯಿಸಿದ್ರೆ ವೇಗ ಬದಲಾಗುತ್ತೆ, ಹರಳನ್ನ ಸರಿಯಾದ ಕೋನಕ್ಕೆ ತಿರುಗಿಸಿದ್ರೆ ಎರಡೂ ಬಣ್ಣ ಒಂದೇ ವೇಗದಲ್ಲಿ ಹೋಗ್ತವೆ. 1962ರಲ್ಲೇ ಇದನ್ನ ಮಾಡಿದ್ರು, ಪಾಯಿಂಟರ್‌ನ ಕೆಟಿಪಿ ಹರಳಿನಲ್ಲೂ ಇದೇ ಉಪಾಯ. ಎರಡನೇದು ಇನ್ನೂ ಜಾಣತನದ್ದು. ತಾಳ ತಪ್ಪಿದ್ರೆ ತಪ್ಪಲಿ ಬಿಡಿ. ತಳ್ಳೋನ ನೂಕು ಉಲ್ಟಾ ಆಗೋಕೆ ಶುರುವಾಯ್ತು ಅನ್ನೋ ಕ್ಷಣಕ್ಕೆ ಅವನು ಓಡಿಹೋಗಿ ಜೋಕಾಲಿಯ ಆ ಕಡೆ ನಿಂತು ತಳ್ಳಲಿ! ಅದೇ ತಪ್ಪು ಹೊತ್ತಿನ ನೂಕು ಈಗ ಸರಿಯಾದ ದಿಕ್ಕಿಗೆ ಬೀಳುತ್ತೆ. ಮತ್ತೆ ತಪ್ಪೋಕೆ ಶುರುವಾದಾಗ ಮತ್ತೆ ಈ ಕಡೆಗೆ. ಜೋಕಾಲಿ ಏರ್ತಾನೇ ಹೋಗುತ್ತೆ.

ಹರಳಿನಲ್ಲಿ ಆ ಕಡೆ ಈ ಕಡೆ ಓಡೋದು ಅಂದ್ರೆ ಹರಳನ್ನೇ ಪ್ರತಿ 3.4 ಮೈಕ್ರಾನಿಗೆ ತಲೆಕೆಳಗು ಮಾಡೋದು. ಈ ಐಡಿಯಾ ಹಾರ್ವರ್ಡ್‌ನಲ್ಲಿ ಬ್ಲೂಂಬರ್ಗನ್ ಗುಂಪಿನವರು 1962ರಲ್ಲೇ ಬರೆದಿಟ್ಟಿದ್ರು, ಬ್ಲೂಂಬರ್ಗನ್‌ಗೆ 1981ರಲ್ಲಿ ನೊಬೆಲ್ ಕೂಡ ಬಂತು, ಆದ್ರೆ ಇಷ್ಟು ಸಣ್ಣ ಪಟ್ಟೆಗಳನ್ನ ನೆಚ್ಚಿಕೊಳ್ಳೋ ಹಾಗೆ ಮಾಡೋ ವಿಧಾನ ಕೈಗೆ ಸಿಕ್ಕಿದ್ದು 1990ರ ದಶಕದಲ್ಲಿ. ಲೀಥಿಯಂ ನಯೋಬೇಟ್‌ಗೆ ಮಿಲಿಮೀಟರಿಗೆ ಸುಮಾರು 21,000 ವೋಲ್ಟ್ ಕೊಟ್ರೆ ಅದರೊಳಗಿನ ಅಯಾನುಗಳು ಜಾಗ ಬದಲಿಸಿ ಹರಳಿನ ಮೇಲು ಕೆಳಗು ಅದಲು ಬದಲಾಗುತ್ತೆ, ವೋಲ್ಟೇಜ್ ತೆಗೆದ ಮೇಲೂ ಹಂಗೇ ನಿಲ್ಲುತ್ತೆ. ಅರ್ಧ ಮಿಲಿಮೀಟರ್ ದಪ್ಪದ ಬಿಲ್ಲೆಯ ಮೇಲೆ ಪಟ್ಟೆ ಪಟ್ಟೆಯಾಗಿ ಎಲೆಕ್ಟ್ರೋಡ್ ಬರೆದು 10,000 ವೋಲ್ಟ್ ಮೀರಿ ಒಂದು ಪಲ್ಸ್ ಕೊಡ್ತಾರೆ, ಎಲೆಕ್ಟ್ರೋಡ್ ಇರೋ ಕಡೆ ಮಾತ್ರ ತಿರುಗುತ್ತೆ. ಒಂದು ನೆಟ್ಟಗೆ ಒಂದು ಉಲ್ಟಾ, ಜೋಡಿ ಪಟ್ಟೆಗೆ 6.8 ಮೈಕ್ರಾನ್. ಇದರ ದೊಡ್ಡ ಲಾಭ ಏನಂದ್ರೆ ಕೋನ ಹುಡುಕೋ ಹಂಗಿಲ್ಲ, ಹರಳಿನ ನಾನ್‌ಲೀನಿಯರ್ ಗುಣ ಎಲ್ಲಿ ಅತಿ ಗಟ್ಟಿಯಾಗಿದೆಯೋ ಆ ದಿಕ್ಕನ್ನೇ ಬಳಸಬಹುದು, ಬೇಕಾದ ಬಣ್ಣಕ್ಕೆ ತಕ್ಕ ಹಾಗೆ ಪಟ್ಟೆಯ ಅಗಲ ಬದಲಿಸಿದ್ರೆ ಸಾಕು.

ಇಷ್ಟಾದ್ರೂ ಸಣ್ಣ ಸೆಮಿಕಂಡಕ್ಟರ್ ಲೇಸರಿನ ಕೆಲವು ಮಿಲಿವಾಟ್ ಬೆಳಕಿಗೆ ಈ ಕೆಲಸ ಕಷ್ಟ. ಬೆಳಕನ್ನ ಲೆನ್ಸಿಂದ 3 ಮೈಕ್ರಾನಿಗೆ ಒತ್ತಿದ್ರೆ ನೂರು ಮೈಕ್ರಾನ್ ಹೋಗೋದ್ರೊಳಗೆ ಅದು ಮತ್ತೆ ಹರಡಿಕೊಳ್ಳುತ್ತೆ. ಸಣ್ಣ ಜಾಗವೂ ಬೇಕು, ಉದ್ದ ದಾರಿಯೂ ಬೇಕು, ಬರೀ ಲೆನ್ಸಿನಲ್ಲಿ ಎರಡೂ ಒಟ್ಟಿಗೆ ಸಿಗಲ್ಲ. ಅದಕ್ಕೇ ವೇವ್‌ಗೈಡ್. ಸುತ್ತಲಿಗಿಂತ ಸ್ವಲ್ಪ ಹೆಚ್ಚು ವಕ್ರೀಭವನಾಂಕ ಇರೋ ಒಂದು ಕಿರಿದಾದ ದಾರಿಯನ್ನ ಹರಳಿನಲ್ಲೇ ಮಾಡಿಬಿಟ್ರೆ ಬೆಳಕು ಅದರಾಚೆ ಹರಡೋಕಾಗದೆ ಸೆಂಟಿಮೀಟರ್‌ಗಟ್ಟಲೆ ಒತ್ತೊತ್ತಾಗೇ ಸಾಗುತ್ತೆ. ಬರೀ ಒಂದು ಮಿಲಿವಾಟ್ ಬೆಳಕು ಒಂದು ಚದರ ಮೈಕ್ರಾನ್‌ನಲ್ಲಿ ಹಿಡಿಸಿದ್ರೆ ಅಲ್ಲಿನ ತೀವ್ರತೆ ನಡುಮಧ್ಯಾಹ್ನದ ಬಿಸಿಲಿನ ಹತ್ತು ಲಕ್ಷ ಪಟ್ಟು! ಮೇಲಾಗಿ ತಾಳ ತಪ್ಪದಿದ್ರೆ ಹುಟ್ಟೋ ಹೊಸ ಬಣ್ಣ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತೆ, ಉದ್ದ ಎರಡರಷ್ಟಾದ್ರೆ ಬೆಳಕು ನಾಲ್ಕರಷ್ಟು.

ಸೆಮಿಕಂಡಕ್ಟರ್ ಲೇಸರ್ ಕೂಡ ಬದುಕಿದ್ದು ವೇವ್‌ಗೈಡ್‌ನಿಂದಲೇ. 1962ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ರಾಬರ್ಟ್ ಹಾಲ್ ಗ್ಯಾಲಿಯಂ ಆರ್ಸೆನೈಡ್ ಲೇಸರ್ ಮಾಡಿದಾಗ ಅದನ್ನ ದ್ರವ ನೈಟ್ರೋಜನ್‌ನಲ್ಲಿ 77 ಕೆಲ್ವಿನ್‌ಗೆ ತಣ್ಣಗೆ ಇಡಬೇಕಿತ್ತು, ಅದೂ ಪಲ್ಸ್ ಪಲ್ಸ್ ಆಗಿ ಮಾತ್ರ. ಮುಂದಿನ ವರ್ಷ ಅಮೆರಿಕದಲ್ಲಿ ಕ್ರೋಮರ್, ಸೋವಿಯತ್ ರಷ್ಯಾದಲ್ಲಿ ಅಲ್ಫೆರೋವ್ ಮತ್ತು ಕಜಾರಿನೋವ್ ಬೇರೆ ಬೇರೆಯಾಗಿ ಒಂದೇ ಐಡಿಯಾ ಮುಂದಿಟ್ರು, ಬೆಳಕು ಹುಟ್ಟೋ ತೆಳು ಪದರದ ಮೇಲೆ ಕೆಳಗೆ ಬೇರೆ ವಸ್ತುವಿನ ಪದರ ಇಡೋದು. ಆ ಪದರಗಳು ಎಲೆಕ್ಟ್ರಾನ್‌ಗಳನ್ನೂ ಹೊರಗೆ ಬಿಡಲ್ಲ, ವಕ್ರೀಭವನಾಂಕ ಕಮ್ಮಿ ಇರೋದ್ರಿಂದ ಬೆಳಕನ್ನೂ ಬಿಡಲ್ಲ. 1970ರಲ್ಲಿ ಲೆನಿನ್‌ಗ್ರಾಡ್‌ನ ಅಲ್ಫೆರೋವ್ ಗುಂಪು, ಬೆಲ್ ಲ್ಯಾಬ್ಸ್‌ನ ಹಯಾಶಿ ಮತ್ತು ಪ್ಯಾನಿಷ್, ಹೆಚ್ಚುಕಮ್ಮಿ ಒಟ್ಟೊಟ್ಟಿಗೇ ಕೋಣೆಯ ಉಷ್ಣತೆಯಲ್ಲಿ ನಿರಂತರ ಉರಿಯೋ ಲೇಸರ್ ತೋರಿಸಿದ್ರು. ನೊಬೆಲ್ 2000ದಲ್ಲಿ ಅಲ್ಫೆರೋವ್ ಮತ್ತು ಕ್ರೋಮರ್‌ಗೆ ಬಂತು, ಹಯಾಶಿ, ಪ್ಯಾನಿಷ್ ಹೆಸರು ಇವತ್ತು ಅಷ್ಟಾಗಿ ಯಾರೂ ಹೇಳಲ್ಲ, ಹೇಳಬೇಕು.

ಪಾಯಿಂಟರ್ ವಿಷಯ ಬಂದಾಗ ಒಂದು ಮಾತು ಹೇಳದೆ ಮುಂದೆ ಹೋಗೋ ಹಾಗಿಲ್ಲ. ಒಳಗಿರೋ 808 ಮತ್ತು 1064 ಪೂರ್ತಿ ಹಸಿರಾಗಲ್ಲ, ಉಳಿದ ಇನ್‌ಫ್ರಾರೆಡ್ ತಡೆಯೋಕೆ ಮುಂದೆ ಒಂದು ಫಿಲ್ಟರ್ ಬೇಕು, ಅಗ್ಗದವುಗಳಲ್ಲಿ ಅದನ್ನ ಬಿಟ್ಟುಬಿಡೋದುಂಟು. ಅಮೆರಿಕದ ಅಳತೆ ಸಂಸ್ಥೆ ನಿಸ್ಟ್ 2010ರಲ್ಲಿ ಅಂಥ ಒಂದು ಪಾಯಿಂಟರ್ ಬಗ್ಗೆ ವರದಿ ಮಾಡಿತ್ತು, ಹಸಿರು ಮಂಕು, ಆದ್ರೆ ಸುಮಾರು 20 ಮಿಲಿವಾಟ್ ಇನ್‌ಫ್ರಾರೆಡ್ ಆಚೆ ಬರ್ತಿತ್ತು. ಹಸಿರು ಜೋರಾಗಿದ್ರೆ ಕಣ್ಣು ತಾನಾಗೇ ಮುಚ್ಚಿಕೊಳ್ಳುತ್ತೆ, ಇನ್‌ಫ್ರಾರೆಡ್‌ಗೆ ಮುಚ್ಚಲ್ಲ, ಕಾಣೋದೇ ಇಲ್ಲವಲ್ಲ, ಆದ್ರೆ ಕಣ್ಣಿನ ಲೆನ್ಸ್ ಮಾತ್ರ ಅದನ್ನೂ ನೆಟ್ಟಗೆ ರೆಟಿನಾ ಮೇಲೆ ಒಟ್ಟುಗೂಡಿಸುತ್ತೆ. ಹಸಿರು ಮಂಕಾಗಿದೆ, ಹಂಗಾಗಿ ಅಪಾಯ ಇಲ್ಲ ಅಂತ ಮಕ್ಕಳ ಕೈಗೆ ಕೊಡೋರು ಇದನ್ನ ದಯವಿಟ್ಟು ಗಮನಿಸಿ. ಚಳಿಯಲ್ಲಿ ಪಾಯಿಂಟರ್ ಮಂಕಾಗೋದಕ್ಕೂ ಸೆಲ್ಲಿನ ಜೊತೆ ಇನ್ನೊಂದು ಕಾರಣ ಇದೆ, ಡಯೋಡ್‌ನ, ಅಂದ್ರೆ ಒಳಗಿನ ಆ ಸೆಮಿಕಂಡಕ್ಟರ್ ಲೇಸರಿನ, ತರಂಗಾಂತರ ಒಂದು ಡಿಗ್ರಿಗೆ ಸುಮಾರು 0.3 ನ್ಯಾನೋಮೀಟರ್ ಜರುಗುತ್ತೆ, 808ರಿಂದ ಪಕ್ಕಕ್ಕೆ ಹೋದ್ರೆ ನಿಯೋಡಿಮಿಯಂ ಅದನ್ನ ಸರಿಯಾಗಿ ಹೀರಲ್ಲ.

ಈ ಎಲ್ಲಾ ತಂತ್ರ ಒಂದೇ ಕಡೆ ನೋಡಬೇಕು ಅಂದ್ರೆ ಚಿಲಿ ದೇಶದ ಪರನಾಲ್ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ವೆರಿ ಲಾರ್ಜ್ ಟೆಲಿಸ್ಕೋಪ್‌ನಿಂದ 2016ರಿಂದ ಒಂದೊಂದೂ 22 ವಾಟ್‌ನ ನಾಲ್ಕು ಹಳದಿ ಲೇಸರ್‌ಗಳು ಆಕಾಶಕ್ಕೆ ಹೋಗ್ತವೆ, ಸುಮಾರು 90 ಕಿಲೋಮೀಟರ್ ಎತ್ತರದ ಸೋಡಿಯಂ ಪರಮಾಣುಗಳನ್ನ ಹೊಳೆಯಿಸಿ ನಕಲಿ ನಕ್ಷತ್ರ ಮಾಡ್ತವೆ, ಗಾಳಿಯಿಂದ ಚಿತ್ರ ಎಷ್ಟು ಕದಡಿದೆ ಅಂತ ಅದನ್ನ ನೋಡಿ ತಿಳ್ಕೊಂಡು ಕನ್ನಡಿ ಸರಿಪಡಿಸ್ತಾರೆ. ಬೇಕಾದದ್ದು 589 ನ್ಯಾನೋಮೀಟರ್. ಅಂಥ ಗಟ್ಟಿ ಲೇಸರ್ ನೇರವಾಗಿ ಮಾಡೋದು ಕಷ್ಟ. ಹಂಗಾಗಿ 1178ರ ಒಂದು ಸೆಮಿಕಂಡಕ್ಟರ್ ಲೇಸರ್ ತಗೊಂಡು, ಅದರ ಬೆಳಕನ್ನ ಗಾಜಿನ ಫೈಬರ್‌ನಲ್ಲಿ ರಾಮನ್ ಪರಿಣಾಮದಿಂದ ಬೆಳೆಸಿ, ಆಮೇಲೆ ಹರಳಿನಲ್ಲಿ ತಾಳ ದುಪ್ಪಟ್ಟು ಮಾಡ್ತಾರೆ, 1178ರ ಅರ್ಧ 589. ಹೌದು, ನಮ್ಮ ಸಿ.ವಿ. ರಾಮನ್ 1928ರಲ್ಲಿ ಕಲ್ಕತ್ತಾದಲ್ಲಿ ಕಂಡ ಅದೇ ಪರಿಣಾಮ. ಬೆಳಕು ಅಣುಗಳ ಕಂಪನಕ್ಕೆ ಸ್ವಲ್ಪ ಶಕ್ತಿ ಕೊಟ್ಟು ಬಣ್ಣ ಬದಲಿಸೋದನ್ನ ಅವರು ಬಿಸಿಲು ಮತ್ತು ಪಾದರಸದ ದೀಪದಲ್ಲಿ ನೋಡಿದ್ರು. 1962ರಲ್ಲಿ ಲೇಸರ್ ಬಳಸಿ ಅದನ್ನೇ ಎಷ್ಟೋ ಪಟ್ಟು ಜೋರಾಗಿ ನಡೆಸಬಹುದು ಅಂತ ಗೊತ್ತಾಯ್ತು. ಗಾಜಿನಲ್ಲಿ ಬಣ್ಣ ದುಪ್ಪಟ್ಟಾಗಲ್ಲ ಅಂದೆನಲ್ಲ, ರಾಮನ್ ಪರಿಣಾಮಕ್ಕೆ ಮಾತ್ರ ಆ ಸಮ್ಮಿತಿಯ ಅಡ್ಡಿ ಇಲ್ಲ.

ಇದೇ ಕೆಲಸವನ್ನ ಉಲ್ಟಾನೂ ನಡೆಸಬಹುದು. 405ರ ನೇರಳೆ ಡಯೋಡ್ ಲೇಸರನ್ನ ಪಟ್ಟೆ ಹಾಕಿದ ಕೆಟಿಪಿಗೆ ಕೊಟ್ರೆ ಅಪರೂಪಕ್ಕೊಂದು ಫೋಟಾನ್ ಒಡೆದು 810ರ ಎರಡಾಗುತ್ತೆ, ಎರಡೂ ಒಂದಕ್ಕೊಂದು ಹೆಣೆದುಕೊಂಡ ಜೋಡಿ, ಒಂದನ್ನ ಅಳೆದ್ರೆ ಇನ್ನೊಂದರ ಬಗ್ಗೆಯೂ ಗೊತ್ತಾಗುತ್ತೆ. ಕ್ವಾಂಟಮ್ ಸಂವಹನದ ಪ್ರಯೋಗಗಳಿಗೆ ಇಂಥ ಜೋಡಿಗಳೇ ಬೇಕು, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲೂ ಈ ಕೆಲಸ ನಡೀತಿದೆ.

ಈಗಿನ ಸಂಶೋಧನೆಯ ಗುರಿ ಎಲ್ಲವನ್ನೂ ಒಂದೇ ಚಿಪ್ ಮೇಲೆ ತರೋದು. ಇಲ್ಲಿ ಸಿಲಿಕಾನ್ ಕೈಕೊಡುತ್ತೆ, ಅದು ಬೆಳಕನ್ನೂ ಚೆನ್ನಾಗಿ ಸೂಸಲ್ಲ, ಬಣ್ಣವನ್ನೂ ದುಪ್ಪಟ್ಟು ಮಾಡಲ್ಲ. ಹಂಗಾಗಿ ಮೈಕ್ರಾನಿಗೂ ಕಮ್ಮಿ ದಪ್ಪದ ಲೀಥಿಯಂ ನಯೋಬೇಟ್ ಪದರದಲ್ಲಿ ವೇವ್‌ಗೈಡ್ ಕೊರೆದು, ಬೇರೆ ಸೆಮಿಕಂಡಕ್ಟರ್‌ನ ಲೇಸರನ್ನ ಅದಕ್ಕೆ ಜೋಡಿಸ್ತಾರೆ, ಹಾರ್ವರ್ಡ್‌ನವರು 2022ರಲ್ಲಿ ಇಂಥದ್ದನ್ನ ತೋರಿಸಿದ್ರು. ಇಷ್ಟು ತೆಳುವಾದಾಗ ಹೊಸ ತಲೆನೋವು ಒಂದು ಹುಟ್ಟಿದೆ, ಪದರದ ದಪ್ಪ ದಾರಿಯುದ್ದಕ್ಕೂ ಕೆಲವೇ ನ್ಯಾನೋಮೀಟರ್ ಹೆಚ್ಚುಕಮ್ಮಿ ಆದ್ರೂ ಬೆಳಕಿನ ವೇಗ ಬದಲಾಗಿ ತಾಳ ಕೆಡುತ್ತೆ, ಒಂದೇ ಅಳತೆಯ ಪಟ್ಟೆ ಹಾಕಿದ್ರೆ ಉದ್ದ ಹೆಚ್ಚಿಸಿದ ಲಾಭವೆಲ್ಲ ಅಲ್ಲೇ ಹೋಗುತ್ತೆ. ಅದಕ್ಕೆ 2024ರಲ್ಲಿ ಪ್ರಕಟವಾದ ಒಂದು ಕೆಲಸದಲ್ಲಿ ಪಟ್ಟೆ ಹಾಕೋಕೆ ಮುಂಚೆಯೇ ದಾರಿಯುದ್ದಕ್ಕೂ ಪದರದ ದಪ್ಪ ಅಳೆದುಕೊಂಡು, ಎಲ್ಲೆಲ್ಲಿ ಎಷ್ಟು ಬೇಕೋ ಅಲ್ಲಲ್ಲಿಗೆ ಅಷ್ಟಷ್ಟೇ ಅಗಲದ ಪಟ್ಟೆ ಬರೆದಿದ್ದಾರೆ.