ಚೌಕ ವಜ್ರ ಕೊಳ್ಳುವಾಗ ತೂಕವನ್ನು ಕೊನೆಗೆ ಕೇಳಿ

ನಿಶ್ಚಿತಾರ್ಥದ ಉಂಗುರಕ್ಕೆ ದುಂಡು ವಜ್ರವೇ ಆಗಬೇಕೆಂಬ ಹಟ ಬಳ್ಳಾರಿಯಲ್ಲಿ ಈಗ ಸಡಿಲವಾಗಿದೆ. ಮದುಮಗಳು ಫೋನಿನಲ್ಲಿ ಚಿತ್ರ ತೋರಿಸಿ, ‘ಇಂಥ ಚೌಕಂದು, ಒಳಗ ಮೆಟ್ಟಿಲು ಮೆಟ್ಟಿಲು ಕಾಣ್ತದಲ್ರಿ, ಅದು ಬೇಕು’ ಎನ್ನುತ್ತಾಳೆ. ಜತೆಗೆ ಬಂದ ತಾಯಿ, ‘ಅಣ್ಣಾ, ಒಂದು ಕ್ಯಾರೆಟ್ ಆದ್ರೂ ಇರ್ಲಿ ನೋಡ್ರಿ, ಬೀಗರ ಮುಂದ ಸಣ್ಣದು ಕಾಣಬಾರ್ದು’ ಎನ್ನುತ್ತಾರೆ. ಇಬ್ಬರು ಕೇಳುವುದೂ ನ್ಯಾಯವೇ. ಆದರೆ ಈ ಕಟ್‌ನಲ್ಲಿ ತೂಕದ ಹಿಂದೆ ಬಿದ್ದವರಿಗೆ ಚೆಲುವೂ ಸಿಗುವುದಿಲ್ಲ, ಎಷ್ಟೋ ಸಲ ದೊಡ್ಡ ಹರಳೂ ಸಿಗುವುದಿಲ್ಲ.

ಆ ಹುಡುಗಿ ಕೇಳುತ್ತಿರುವುದು ಆಶರ್ ಕಟ್. ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಶರ್ 1902ರಲ್ಲಿ ರೂಪಿಸಿದ್ದು. 3,106 ಕ್ಯಾರೆಟ್‌ನ ಕಲಿನನ್ ವಜ್ರವನ್ನು 1908ರಲ್ಲಿ ಒಡೆದು ಹರಳುಗಳಾಗಿ ಮಾಡಿದ್ದೂ ಅದೇ ಮನೆತನ. ನಾಲ್ಕು ಮೂಲೆಗಳನ್ನು ಅಗಲವಾಗಿ ಕತ್ತರಿಸಿರುವುದರಿಂದ ಇದು ಚೌಕವಾದರೂ ಹೊರಗೆರೆ ಎಂಟು ಬದಿಯದು. ಮುಖಗಳು, ಅಂದರೆ ಉಜ್ಜಿ ಮಾಡಿದ ಚಪ್ಪಟೆ ಬದಿಗಳು, 58. ದುಂಡು ವಜ್ರದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತವೆ. ಆದರೆ ಅಲ್ಲಿ ತ್ರಿಕೋನ, ಗಾಳಿಪಟದ ಆಕಾರದ ಮುಖಗಳು ಬೆಳಕನ್ನು ಚೂರು ಮಾಡಿ ಎಲ್ಲೆಡೆ ಚೆಲ್ಲುತ್ತವೆ. ಇಲ್ಲಿ ಉದ್ದನೆಯ ಪಟ್ಟಿಗಳು ಒಂದರ ಕೆಳಗೊಂದು ಇಳಿಯುತ್ತ ಹೋಗುತ್ತವೆ. ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಇರುವ ಕಪ್ಪು ಕಲ್ಲಿನ ಮೆಟ್ಟಿಲು ಪುಷ್ಕರಣಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿದ್ದರೆ, ಒಳ್ಳೆಯ ಆಶರ್ ಹೇಗಿರಬೇಕೆಂದು ನಿಮಗೆ ಆಗಲೇ ಗೊತ್ತಿದೆ: ಚೌಕದೊಳಗೆ ಚೌಕ, ಎಲ್ಲ ನಡುವಿಗೆ ಇಳಿದು, ಒಂದು ಸಾಲೂ ಸೊಟ್ಟಗಾಗಿರುವುದಿಲ್ಲ.

ಪ್ರಿನ್ಸೆಸ್ ಕಟ್ ಎಂಬ ಇನ್ನೊಂದು ಚೌಕವಿದೆ. ಅದರ ಮೂಲೆ ಚೂಪು, ಹೊಳಪು ಚೂರುಚೂರು. ಅಂಗಡಿಯಲ್ಲಿ ಬರೀ ‘ಚೌಕ ವಜ್ರ’ ಎಂದರೆ ಬಹುಪಾಲು ಅದನ್ನೇ ತೆಗೆದಿಡುತ್ತಾರೆ. ಆಶರ್ ಬೇಕೆಂದರೆ ಹೆಸರು ಹಿಡಿದೇ ಕೇಳಿ. ವಜ್ರ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಸಂಸ್ಥೆ ಜಿಐಎಯ ಸರ್ಟಿಫಿಕೇಟಿನಲ್ಲಿ ಮಾತ್ರ ಆ ಹೆಸರನ್ನು ಹುಡುಕಬೇಡಿ, ಅಲ್ಲಿ ‘ಸ್ಕ್ವೇರ್ ಎಮರಾಲ್ಡ್ ಕಟ್’ ಎಂದು ಬರೆದಿರುತ್ತದೆ.

ಸರ್ಟಿಫಿಕೇಟಿನ ಮಾತು ಬಂದಿತಲ್ಲ, ಹೆಚ್ಚಿನ ಗಿರಾಕಿಗಳು ಜಾರುವುದು ಇಲ್ಲಿಯೇ. ದುಂಡು ವಜ್ರಕ್ಕೆ ಜಿಐಎ ಕಟ್ ದರ್ಜೆ ಕೊಡುತ್ತದೆ. ಚೌಕಕ್ಕೆ ಕೊಡುವುದಿಲ್ಲ. ಪಾಲಿಶ್ ಮತ್ತು ಸಿಮೆಟ್ರಿಯ ಮುಂದೆ ‘ಎಕ್ಸಲೆಂಟ್’ ಎಂದಿದ್ದರೆ ಜನ ಅದನ್ನೇ ಕಟ್‌ನ ದರ್ಜೆ ಅಂದುಕೊಳ್ಳುತ್ತಾರೆ. ಪಾಲಿಶ್ ಎಂದರೆ ಮೇಲ್ಮೈಯ ನುಣುಪು, ಸಿಮೆಟ್ರಿ ಎಂದರೆ ಮುಖಗಳ ಹೊಂದಾಣಿಕೆ. ಎರಡೂ ಎಕ್ಸಲೆಂಟ್ ಇದ್ದೂ ನಡುವೆ ಸತ್ತಂತಿರುವ ಹರಳುಗಳಿವೆ. ಬೆಳಕು ಹೇಗೆ ಒಳಹೋಗಿ ಹೇಗೆ ಮರಳುತ್ತದೆ ಎಂಬುದನ್ನು ಆ ಕಾಗದ ಹೇಳುವುದಿಲ್ಲ, ಕಣ್ಣಿಂದಲೇ ನೋಡಬೇಕು.

ಕಾಗದ ಹೇಳುವ ಒಂದು ಸಂಗತಿಯನ್ನು ಮಾತ್ರ ಯಾರೂ ಓದುವುದಿಲ್ಲ: ಅಳತೆಯ ಸಾಲು. ಎರಡು ಹರಳುಗಳನ್ನು ಎದುರಿಗಿಟ್ಟುಕೊಳ್ಳೋಣ. ಮೊದಲನೆಯದು 1.01 ಕ್ಯಾರೆಟ್, ಅಳತೆ 5.36 × 5.35 × 4.07 ಮಿ.ಮೀ. ಎರಡನೆಯದು 0.90 ಕ್ಯಾರೆಟ್, 5.46 × 5.42 × 3.52. ಕೊನೆಯ ಅಂಕಿ ಆಳ. ಅದನ್ನು ಅಗಲದಿಂದ ಭಾಗಿಸಿದರೆ ಮೊದಲನೆಯದರ ಆಳ ಶೇ 76, ಎರಡನೆಯದರದು ಶೇ 65. ಅಂದರೆ ಮೊದಲ ಹರಳಿನ ತೂಕ ಹೊಟ್ಟೆಯಲ್ಲಿದೆ, ಉಂಗುರದೊಳಗೆ ಹುದುಗಿ ಹೋಗುತ್ತದೆ. ಬೀಗರ ಕಣ್ಣಿಗೆ ದೊಡ್ಡದಾಗಿ ಕಾಣುವುದು 0.90 ಕ್ಯಾರೆಟ್‌ನದೇ. ಬೆಲೆಯೂ ಅದರದೇ ಕಡಿಮೆ, ಏಕೆಂದರೆ ಒಂದು ಕ್ಯಾರೆಟ್‌ನ ಗೆರೆ ದಾಟಿದ ಕೂಡಲೇ ಪ್ರತಿ ಕ್ಯಾರೆಟ್‌ನ ದರವೇ ಮೇಲಕ್ಕೆ ಜಿಗಿಯುತ್ತದೆ. ಆ ಗೆರೆ ಮುಟ್ಟಿಸಲೆಂದೇ ಕೆಲವು ಹರಳುಗಳನ್ನು ಬೇಕಾದ್ದಕ್ಕಿಂತ ಆಳವಾಗಿ ಉಳಿಸಿಕೊಳ್ಳುತ್ತಾರೆ.

ತೂಕದ ಮೋಹ ನಮ್ಮ ಸೀಮೆಗೆ ಹೊಸದಲ್ಲ. ವಿಜಯನಗರದ ಪೇಟೆಯಲ್ಲಿ ವಜ್ರ, ಮಾಣಿಕ್ಯ, ಪಚ್ಚೆ, ಮುತ್ತು ಮಾರುತ್ತಿದ್ದುದನ್ನು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ಬರೆದಿಟ್ಟಿದ್ದಾನೆ. ಬಳ್ಳಾರಿಯ ಗಡಿ ದಾಟಿ ಅನಂತಪುರ ಜಿಲ್ಲೆಯ ವಜ್ರಕರೂರಿನ ಕಡೆ ಹೋದರೆ, ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಇಂದಿಗೂ ಜನ ಹೊಲಗಳಲ್ಲಿ ತಲೆ ಬಗ್ಗಿಸಿ ವಜ್ರ ಹುಡುಕುತ್ತಾರೆ. ಹಿಂದಿನ ಕಾಲದ ನಮ್ಮ ಕುಶಲಿಗರು ಹರಳಿನ ತೂಕ ಉಳಿಸುವುದನ್ನೇ ದೊಡ್ಡದೆಂದು ನೋಡುತ್ತಿದ್ದರು. ಕೊಹಿನೂರನ್ನು 1852ರಲ್ಲಿ ಲಂಡನ್ನಿನಲ್ಲಿ ಹೊಳಪಿಗಾಗಿ ಮತ್ತೆ ಕಟ್ ಮಾಡಿದಾಗ ಹಳೆಯ ಲೆಕ್ಕದ 186 ಕ್ಯಾರೆಟ್ ಇದ್ದದ್ದು ಈಗಿನ ಲೆಕ್ಕದ 105.6ಕ್ಕೆ ಇಳಿಯಿತು. ಅಷ್ಟನ್ನು ಕಳೆದದ್ದು ಸರಿಯೇ ತಪ್ಪೇ ಎಂಬ ವಾದ ಬೇರೆ. ಹೊಳಪಿಗೂ ತೂಕಕ್ಕೂ ನಡುವೆ ಒಂದನ್ನು ಆರಿಸಿಕೊಳ್ಳಲೇಬೇಕಾದ ಹೊತ್ತು ಬರುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ನನಗೆ ಗೊತ್ತಿಲ್ಲ.

ಹಾಗಾದರೆ ಕಾಗದದ ಮೇಲೆ ಎಂಥ ಅಂಕಿ ನೋಡಬೇಕು? ಆಳ ಶೇ 60ರಿಂದ 68, ಟೇಬಲ್ ಎಂದು ಕರೆಯುವ ಮೇಲಿನ ಚಪ್ಪಟೆ ಮುಖವೂ ಹೆಚ್ಚುಕಡಿಮೆ ಅಷ್ಟೇ. ನನಗೆ ಟೇಬಲ್ ತುಸು ಚಿಕ್ಕದಾಗಿ, ಮೇಲ್ಭಾಗ ಎತ್ತರವಾಗಿರುವುದು ಇಷ್ಟ, ಮೆಟ್ಟಿಲುಗಳು ಚೆನ್ನಾಗಿ ತೆರೆದುಕೊಳ್ಳುತ್ತವೆ. ಉದ್ದವನ್ನು ಅಗಲದಿಂದ ಭಾಗಿಸಿದರೆ 1.05 ಮೀರಬಾರದು, ಮೀರಿದರೆ ಕಣ್ಣಿಗೆ ಚೌಕ ಅನ್ನಿಸುವುದಿಲ್ಲ. ಇವು ಹತ್ತು ಹರಳುಗಳಲ್ಲಿ ಮೂರನ್ನು ಉಳಿಸಿಕೊಳ್ಳಲು ಸಾಕು. ಆ ಮೂರರಲ್ಲಿ ಒಂದನ್ನು ಆರಿಸಲು ಸಾಲವು.

ಆರಿಸುವ ಕೆಲಸಕ್ಕೆ ಹರಳನ್ನು ಅಂಗಡಿಯ ದೀಪದಿಂದ ಹೊರಗೆ ತನ್ನಿ. ಆಭರಣದಂಗಡಿಗಳಲ್ಲಿ ಸೂರಿನಿಂದ ನೇರ ಬೀಳುವ ಎಲ್‌ಇಡಿ ದೀಪದ ಕೆಳಗೆ ಗಾಜೂ ಮಿನುಗುತ್ತದೆ. ಹಾಗೆಂದು ನಮ್ಮ ಏಪ್ರಿಲ್ ತಿಂಗಳ ನೆತ್ತಿ ಬಿಸಿಲಿಗೆ ಒಯ್ಯಬೇಡಿ, ಸುಡು ಬಿಸಿಲಲ್ಲಿ ಎಂಥ ಒಳ್ಳೆಯ ವಜ್ರವೂ ಕಪ್ಪಾಗಿ ಕಾಣುತ್ತದೆ. ಬಾಗಿಲ ಹತ್ತಿರದ ನೆರಳಿನ ಬೆಳಕು ಸರಿ. ಹರಳನ್ನು ಮೊಳದ ದೂರದಲ್ಲಿ ಹಿಡಿದು ನಿಧಾನಕ್ಕೆ ಅತ್ತಿತ್ತ ತೂಗಿಸಿ. ಒಳ್ಳೆಯದರಲ್ಲಿ ಒಂದು ಮೆಟ್ಟಿಲು ಬೆಳಗಿದಾಗ ಪಕ್ಕದ್ದು ಕಪ್ಪಾಗುತ್ತದೆ, ಮರುಕ್ಷಣ ಅದಲುಬದಲಾಗುತ್ತದೆ. ಕತ್ತಲೆಯೂ ಈ ಕಟ್‌ನ ಚೆಲುವಿನ ಪಾಲು, ಆದರೆ ಅದು ಚಲಿಸುತ್ತಿರಬೇಕು. ಹೇಗೆ ತಿರುಗಿಸಿದರೂ ನಡುವಿನ ಕಪ್ಪು ಅಲ್ಲೇ ಕೂತಿದ್ದರೆ ಬಿಟ್ಟುಬಿಡಿ. ಇನ್ನೊಂದು ದೋಷ ಇದರ ವಿರುದ್ಧ: ನಡುವಿನಲ್ಲಿ ತೂರಿ ನಿಮ್ಮ ಬೆರಳಿನ ಚರ್ಮವೇ ಕಾಣುವುದು. ಒಳಹೋದ ಬೆಳಕು ಕೆಳಗಿನ ಮುಖಕ್ಕೆ ಲಂಬದಿಂದ ಸುಮಾರು 24.4 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಬಡಿದರೆ ಮರಳಿ ಪುಟಿಯುತ್ತದೆ, ಅದಕ್ಕಿಂತ ನೆಟ್ಟಗೆ ಬಡಿದರೆ ಕೆಳಗೇ ಸೋರಿಹೋಗುತ್ತದೆ. ತೀರ ಚಪ್ಪಟೆಯಾಗಿ ಕಟ್ ಮಾಡಿದ ಹರಳಿನ ಹಣೆಬರಹ ಅದು.

ಆಮೇಲೆ ನಾಲ್ಕು ಮೂಲೆ. ಪ್ರತಿ ಮೂಲೆಯಿಂದ ನಡುವಿಗೆ ಇಳಿಯುವ ಗೆರೆಗಳು ಒಂದೇ ಬಿಂದುವಿನಲ್ಲಿ ಕೂಡಬೇಕು. ಕತ್ತರಿಸಿದ ಮೂಲೆಗಳ ಅಗಲ ನಾಲ್ಕೂ ಕಡೆ ಒಂದೇ ಆಗಿರಬೇಕು. ದುಂಡು ವಜ್ರದಲ್ಲಿ ಇಂಥ ಸಣ್ಣ ಸೊಟ್ಟು ಹೊಳಪಿನ ಗದ್ದಲದಲ್ಲಿ ಮುಚ್ಚಿಹೋಗುತ್ತದೆ. ಇಲ್ಲಿ ಒಂದು ಮೂಲೆ ಕೂದಲೆಳೆಯಷ್ಟು ಕಿರಿದಾದರೂ ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ. ಓಲೆಗೆ ಜೋಡಿ ಕೇಳುವವರಿಗೆ ಇದು ಇನ್ನೂ ಕಷ್ಟ. ತೂಕ ಹೊಂದಿದರೆ ಸಾಲದು. ಎರಡರ ಟೇಬಲ್, ಮೂಲೆ, ಮೆಟ್ಟಿಲುಗಳ ಅಗಲ ಹೊಂದಬೇಕು. ತಿಂಗಳುಗಟ್ಟಲೆ ಕಾಯುವ ತಾಳ್ಮೆ ಇಲ್ಲದಿದ್ದರೆ ಓಲೆಗೆ ದುಂಡು ವಜ್ರವೇ ವಾಸಿ ಎಂದು ನಾನು ನೇರವಾಗಿ ಹೇಳುತ್ತೇನೆ.

ಕ್ಲಾರಿಟಿಯ, ಅಂದರೆ ಹರಳಿನೊಳಗೆ ಚುಕ್ಕೆ, ಸೀಳು ಇಲ್ಲದ ಶುಭ್ರತೆಯ ವಿಷಯದಲ್ಲಿ ಇಲ್ಲಿ ಜಿಪುಣತನ ನಡೆಯುವುದಿಲ್ಲ. ಅಗಲವಾದ ಟೇಬಲ್ಲಿನ ಕೆಳಗೆ ಒಂದು ಚುಕ್ಕೆ ಇದ್ದರೆ ಮೆಟ್ಟಿಲುಗಳು ಅದನ್ನು ಪ್ರತಿಫಲಿಸಿ ಮೂರೋ ನಾಲ್ಕೋ ಮಾಡಿ ತೋರಿಸುತ್ತವೆ. ದುಂಡಿನಲ್ಲಿ ನಾನು ಒಪ್ಪುವ ಎಸ್‌ಐ1 ದರ್ಜೆಯನ್ನು ಇಲ್ಲಿ ಸಾಮಾನ್ಯವಾಗಿ ಒಪ್ಪುವುದಿಲ್ಲ; ಅದಕ್ಕಿಂತ ಶುಭ್ರವಾದ ದರ್ಜೆ ಬೇಕು: ವಿಎಸ್‌1, ಚೆನ್ನಾಗಿ ನೋಡಿ ಆರಿಸಿದರೆ ವಿಎಸ್‌2. ದರ್ಜೆಗಿಂತಲೂ ಚುಕ್ಕೆ ಎಲ್ಲಿದೆ, ಯಾವ ಬಣ್ಣದ್ದು ಎಂಬುದು ಮುಖ್ಯ. ಅಂಚಿನಲ್ಲಿರುವ ಬಿಳಿ ಚುಕ್ಕೆ, ಹರಳನ್ನು ಹಿಡಿದಿಡುವ ಚಿನ್ನದ ಹಿಡಿಕೆಯ ಕೆಳಗೆ ಮರೆಯಾಗುತ್ತದೆ. ನಡುವಿನ ಕಪ್ಪು ಚುಕ್ಕೆ ಮರೆಯಾಗುವುದಿಲ್ಲ. ನಮ್ಮ ಮನೆಗಳಲ್ಲಿ ಕಪ್ಪು ಚುಕ್ಕೆಯ ವಜ್ರ ಆಗಿಬರುವುದಿಲ್ಲ ಎಂಬ ನಂಬಿಕೆ ಗಟ್ಟಿಯಾಗಿದೆ. ಮದುವೆ ಹತ್ತಿರ ಬಂದಾಗ ಹಿರಿಯರೊಬ್ಬರ ಕಣ್ಣಿಗೆ ಅದು ಬಿದ್ದರೆ ಮನೆಯಲ್ಲಿ ಏನಾಗುತ್ತದೆಂದು ಗೊತ್ತಿರುವುದರಿಂದ, ಕೊಳ್ಳುವ ಮುಂಚೆಯೇ ಲೂಪ್ (ಚಿಕ್ಕ ಭೂತಗನ್ನಡಿ) ಕೈಗೆ ಕೊಟ್ಟು ಹಿರಿಯರಿಗೇ ತೋರಿಸುತ್ತೇನೆ. ಮೂಲೆಯ ಹತ್ತಿರ ಸೀಳು ಇದ್ದರೆ ಮಾತ್ರ ಯಾರ ಒಪ್ಪಿಗೆ ಇದ್ದರೂ ನಾನು ಬೇಡ ಎನ್ನುತ್ತೇನೆ, ಹರಳು ಕೂಡಿಸುವಾಗ ಒತ್ತಡ ಬೀಳುವುದು ಅಲ್ಲೇ. ನಿಜವಾದ ವಜ್ರ ಸುತ್ತಿಗೆ ಏಟಿಗೂ ಒಡೆಯುವುದಿಲ್ಲ ಎಂಬ ಮಾತು ಸುಳ್ಳು. ಗೀರು ಬೀಳದಷ್ಟು ಗಟ್ಟಿ ನಿಜ, ಆದರೆ ಅದರೊಳಗೆ ಸೀಳುವ ದಿಕ್ಕುಗಳಿವೆ. ಕಲಿನನ್ನನ್ನು ಏಟು ಹಾಕಿಯೇ ಒಡೆದದ್ದು.

ಕ್ಲಾರಿಟಿಗೆ ಕೊಟ್ಟ ಹಣವನ್ನು ಬಣ್ಣದಲ್ಲಿ ಉಳಿಸಬಹುದು, ಅದೂ ನಮ್ಮ ಕಡೆಯವರಿಗೆ ಸುಲಭ. ಮೆಟ್ಟಿಲು ಕಟ್ ಹರಳಿನ ಒಳಬಣ್ಣವನ್ನು ಮುಚ್ಚುವುದಿಲ್ಲ. ಬಿಳಿ ಚಿನ್ನ, ಪ್ಲಾಟಿನಮ್‌ನಲ್ಲಿ ಕೂಡಿಸುವುದಾದರೆ ಎಫ್ ಅಥವಾ ಜಿ ಬಣ್ಣ ಬೇಕು (ಬಣ್ಣವೇ ಇಲ್ಲದ್ದು ಡಿ, ಅಲ್ಲಿಂದ ಅಕ್ಷರ ಮುಂದೆ ಹೋದಂತೆ ಹಳದಿ ಹೆಚ್ಚು). ಇಲ್ಲಿ ಹೆಚ್ಚಿನವರು ಹಳದಿ ಚಿನ್ನವನ್ನೇ ಕೇಳುತ್ತಾರೆ. ಹಳದಿ ಚಿನ್ನದ ಛಾಯೆ ಹೇಗೂ ಹರಳಿನೊಳಗೆ ಬೀಳುತ್ತದೆ, ಎಚ್ ಅಥವಾ ಐ ಬಣ್ಣದ ಹರಳು ಅಲ್ಲಿ ಬೆಚ್ಚಗೆ, ಚೆಂದವಾಗಿ ಕೂರುತ್ತದೆ. ಅದಕ್ಕೆ ಡಿ ಬಣ್ಣ ತರುವುದು ದುಡ್ಡು ಸುರಿದಂತೆ.

ಪ್ರಯೋಗಾಲಯದಲ್ಲಿ ಬೆಳೆಸಿದ್ದು ಬೇಕೆನ್ನುವವರೂ ಬರುತ್ತಾರೆ. ಅದೂ ವಜ್ರವೇ, ಬೆಲೆ ತುಂಬ ಕಡಿಮೆ, ಮರಳಿ ಮಾರುವಾಗ ಸಿಗುವುದೂ ಕಡಿಮೆ. ಕಟ್ ನೋಡುವ ಬಗೆ ಎರಡಕ್ಕೂ ಒಂದೇ; ಅನಿಲದಿಂದ ಪದರ ಪದರವಾಗಿ ಬೆಳೆಸುವ ಸಿವಿಡಿ ವಿಧಾನದ ಕೆಲವು ಹರಳುಗಳಲ್ಲಿ ನಸುಕಂದು ಛಾಯೆ ಇರುತ್ತದೆ, ಮೆಟ್ಟಿಲಿನಲ್ಲಿ ಅದು ಬೇಗ ಕಾಣುತ್ತದೆ. ವಜ್ರದಂತೆ ಕಾಣುವ ಮೊಯಿಸನೈಟ್ ಬೇರೆಯೇ ವಸ್ತು. ಬಿಸಿ ಅಳೆಯುವ ಸಾಧಾರಣ ಪರೀಕ್ಷಾ ಪೆನ್ನು ಅದನ್ನು ವಜ್ರ ಎಂದೇ ತೋರಿಸಬಹುದು. ಲೂಪ್‌ನಲ್ಲಿ ತುಸು ಓರೆಯಾಗಿ ನೋಡಿ, ಹಿಂಬದಿಯ ಮೆಟ್ಟಿಲಿನ ಅಂಚು ಎರಡೆರಡಾಗಿ ಕಂಡರೆ ಅದು ವಜ್ರವಲ್ಲ.

ಕೂಡಿಸುವ ಕೆಲಸಕ್ಕೆ 18 ಕ್ಯಾರೆಟ್ ಚಿನ್ನ. 22ರದೇ ಬೇಕೆಂದು ಹಟ ಹಿಡಿಯುವವರಿಗೆ ಹೇಳುವುದಿಷ್ಟೆ: ಮೆತ್ತನೆಯ ಚಿನ್ನದ ಹಿಡಿಕೆ ಬಟ್ಟೆಗೆ ಸಿಕ್ಕಿ ಬಾಗಿದರೆ ಮೊದಲು ಹೋಗುವುದು ಹರಳು. ನಾಲ್ಕು ಹಿಡಿಕೆಗಳು ಕತ್ತರಿಸಿದ ಮೂಲೆಗಳ ಮೇಲೆ, ಮೂಲೆಯ ಓರೆಗೆ ಸಮನಾಗಿ, ಚಪ್ಪಟೆಯಾಗಿ ಕೂರಲಿ. ಗುಂಡು ತಲೆಯ ದಪ್ಪ ಹಿಡಿಕೆ ಹಾಕಿದರೆ ಎಂಟು ಬದಿಯ ಗೆರೆ ಕಳೆದು ಹರಳು ದುಂಡಗಾಗಿ ಕಾಣುತ್ತದೆ. ದಿನವೆಲ್ಲ ಕೈಯಿಂದ ಕೆಲಸ ಮಾಡುವವರಿಗೆ ಸುತ್ತ ಪಟ್ಟಿ ಕಟ್ಟಿದ ಬೆಜಲ್ ಒಳ್ಳೆಯದು. ಯಾವುದೇ ಇರಲಿ, ತಳ ತೆರೆದಿರಲಿ. ಕೊಬ್ಬರಿ ಎಣ್ಣೆ, ಅರಿಶಿನ, ಸೋಪಿನ ಜಿಡ್ಡು ತಳದಲ್ಲಿ ಕೂತರೆ ಮೆಟ್ಟಿಲು ಕಟ್ ದುಂಡಿಗಿಂತ ಬೇಗ ಮಂಕಾಗುತ್ತದೆ. ಉಗುರುಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ತೊಳೆಯುವ ಸೋಪು, ಮಕ್ಕಳ ಮೆತ್ತನೆಯ ಬ್ರಷ್ ಸಾಕು.

ಬಿಲ್ಲಿನಲ್ಲಿ ಚಿನ್ನದ ತೂಕ, ಹರಳಿನ ತೂಕ ಬೇರೆಬೇರೆ ಬರೆಸಿ. ವಜ್ರದ ಲೆಕ್ಕದಲ್ಲಿ ಒಂದು ಕ್ಯಾರೆಟ್ ಎಂದರೆ 0.2 ಗ್ರಾಂ, ಉಂಗುರ ಒಟ್ಟು 4.2 ಗ್ರಾಂ ತೂಗಿದರೆ, ಒಂದು ಕ್ಯಾರೆಟ್ ಹರಳು ಕಳೆದು ಚಿನ್ನದ ದುಡ್ಡು 4 ಗ್ರಾಂಗೆ ಮಾತ್ರ. ಹಾಲ್‌ಮಾರ್ಕಿನ ಅಕ್ಷರ, ಅಂಕಿ ಸೇರಿ ಆರರ ಎಚ್‌ಯುಐಡಿ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಬಹುದು, ಆದರೆ ಅದು ಚಿನ್ನದ ಮಾತು, ವಜ್ರಕ್ಕೆ ಸಂಬಂಧವಿಲ್ಲ. ಮರಳಿ ಕೊಳ್ಳುವ ಷರತ್ತನ್ನು ಬಾಯಿಮಾತಿನಲ್ಲಿ ಬಿಡದೆ ಅದೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಹರಳಿನ ಸೊಂಟದ ಅಂಚಿನಲ್ಲಿ ಲೇಸರಿನಿಂದ ಕೆತ್ತಿದ ಸಂಖ್ಯೆ ಇದ್ದರೆ, ಅದರ ಮೇಲೆ ಹಿಡಿಕೆ ಬರದಂತೆ ಕೂಡಿಸಲು ಪತ್ತಾರರಿಗೆ ಮೊದಲೇ ಹೇಳಿಡಿ. ಉಂಗುರ ತಯಾರಾದ ದಿನ ಲೂಪ್ ಕೇಳಿ ಪಡೆದು, ಆ ಸಂಖ್ಯೆಯನ್ನು ಸರ್ಟಿಫಿಕೇಟಿನದರ ಜತೆ ಓದಿ ನೋಡಿ. ನಾಲ್ಕೂ ಮೂಲೆಗಳಲ್ಲಿ ಚಕ್ಕೆ ಎದ್ದಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಾಕಿ ಹಣ ಆಮೇಲೆ ಕೊಡಿ.